ಕಾದು ಕೇಳಿದವರಿಗೆ

ಕಳೆದ ಭಾನುವಾರ ರಾತ್ರಿ ಹತ್ತೂವರೆಗೆ ಫೋನಿನ ರೆಕಾರ್ಡಿಂಗ್ ನಿಲ್ಲಿಸಿದೆ. ಕಣ್ಣು ಕಾಣದ ಮಕ್ಕಳಿಗಾಗಿ ನಾನು ಓದಿ ಮುಗಿಸಿದ 50ನೇ ಪುಸ್ತಕ ಅದು. ಎಂಟು ವರ್ಷ ಹಿಡಿಯಿತು. ಪಠ್ಯಪುಸ್ತಕಗಳೇ ಜಾಸ್ತಿ. ನಡುನಡುವೆ ಒಂದಷ್ಟು ಕಥೆ ಪುಸ್ತಕ, ಕೆಲಸದ ಪರೀಕ್ಷೆಗೆ ಓದುವವರಿಗೆ ಬೇಕಾದ ಸಾಮಾನ್ಯ ಜ್ಞಾನದ ಪುಸ್ತಕ. ಬಾಗಿಲು ಹಾಕಿದ ಕೋಣೆ, ನಿಲ್ಲಿಸಿದ ಫ್ಯಾನು, ಸುತ್ತ ದಿಂಬು ಒಟ್ಟಿದ ಮಂಚ. ಓದುವ ಜಾಗ ಇಷ್ಟೇ.

ಇದನ್ನು ಎಲ್ಲರೆದುರು ಯಾಕೆ ಹೇಳುತ್ತಿದ್ದೇನೆ ಅಂದರೆ, ನನಗೆ ಉಗ್ಗು ಇದೆ. ಐದನೇ ವಯಸ್ಸಿನಿಂದ ಇದೆ. ಈಗ ನನಗೆ ನಲವತ್ತೆರಡು.

ಉಗ್ಗು ಇರುವವರಿಗೆ ಅವರವರ ವೈರಿ ಅಕ್ಷರ ಒಂದಿರುತ್ತದೆ. ನನ್ನದು 'ಪ'. ನನ್ನ ಹೆಸರು ಶುರುವಾಗುವುದೇ ಅದರಿಂದ. ಶಾಲೆಯಲ್ಲಿ ಹಾಜರಿ ಕೂಗಿದಾಗ 'ಪ್ರೆಸೆಂಟ್ ಸಾರ್' ಅನ್ನಬೇಕಿತ್ತು. ತುಟಿ ಅಂಟಿಕೊಳ್ಳುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೇಷ್ಟ್ರು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಎದುರಿಗೆ ಕೂತಿದ್ದರೂ ಆ ವರ್ಷ ಎಷ್ಟೋ ದಿನ ನನ್ನ ಹೆಸರಿನ ಮುಂದೆ ಗೈರುಹಾಜರಿ ಬಿತ್ತು. ಕಾಲೇಜಿಗೆ ಹೋಗುವಾಗ ಮೈಸೂರಿಂದ ಪಿರಿಯಾಪಟ್ಟಣಕ್ಕೆ ಟಿಕೆಟ್ ಕೇಳಲಾಗದೆ ಕುಶಾಲನಗರಕ್ಕೆ ತೆಗೆದುಕೊಂಡು, ನಡುವೆ ನಮ್ಮೂರಲ್ಲಿ ಇಳಿಯುತ್ತಿದ್ದೆ. ಜಾಸ್ತಿ ಕೊಟ್ಟ ಆ ದುಡ್ಡಿನ ಲೆಕ್ಕ ಅಪ್ಪನಿಗೆ ಯಾವತ್ತೂ ಹೇಳಲಿಲ್ಲ.

ಮೊದಲ ಕೃತಜ್ಞತೆ ಅಜ್ಜನಿಗೆ. ಸಂಜೆ ದೀಪ ಹಚ್ಚಿದ ಮೇಲೆ ಅವರು ಕುಮಾರವ್ಯಾಸ ಭಾರತ ಓದುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ದನಿ ಸೇರಿಸುತ್ತಿದ್ದೆ. ಷಟ್ಪದಿಯ ಲಯ ಹಿಡಿದರೆ ಸಾಕು, 'ಪ' ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಹಾಡುವಾಗ, ಇನ್ನೊಬ್ಬರ ಜೊತೆ ಸೇರಿ ಓದುವಾಗ ಉಗ್ಗು ತುಂಬಾ ಕಡಿಮೆಯಾಗುತ್ತದೆ ಅಂತ ಆಮೇಲೆ ತಿಳಿಯಿತು. ಅಜ್ಜನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಮೊಮ್ಮಗಳು ಚೆನ್ನಾಗಿ ಓದುತ್ತಾಳೆ ಅಂತಷ್ಟೇ ಅಂದುಕೊಂಡಿದ್ದರು. ಹಾಗೆ ಅಂದುಕೊಂಡವರು ಅವರೊಬ್ಬರೇ.

ಎರಡನೆಯದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ನನಗೆ ತರಬೇತಿ ಕೊಟ್ಟ ಮೇಡಂ ಅವರಿಗೆ. ಹೆಸರು ಹಾಕಬೇಡಿ ಅಂದಿದ್ದಾರೆ. 'ಪ' ಹೇಳುವಾಗ ತುಟಿಯನ್ನು ಒತ್ತಬೇಡಿ, ಹತ್ತಿ ಮುಟ್ಟಿದ ಹಾಗೆ ಮುಟ್ಟಿಸಿ ಬಿಡಿ ಅಂತ ಕಲಿಸಿದವರು ಅವರು. ಮೂರನೇ ವಾರವೋ ನಾಲ್ಕನೆಯದೋ, ನಾನು ಅಳುತ್ತಾ ಕೂತಿದ್ದಾಗ ಕಂಪ್ಯೂಟರಿನಲ್ಲಿ ಒಂದು ಧ್ವನಿ ಕೇಳಿಸಿದರು. ಗಂಡಸಿನ ಧ್ವನಿ. ಬಾವಿಯ ತಳದಿಂದ ಎದ್ದು ಬಂದಂಥ ಧ್ವನಿ. ಇಂಗ್ಲಿಷ್ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಆದರೂ ಅಳು ನಿಂತಿತು. 'ಇವರಿಗೂ ಉಗ್ಗು ಇದೆ ಕಣಮ್ಮ' ಅಂದರು ಮೇಡಂ.

ಅದು ಅಮೆರಿಕದ ನಟ ಜೇಮ್ಸ್ ಅರ್ಲ್ ಜೋನ್ಸ್ ಅವರ ಧ್ವನಿ. ನನ್ನ ಮೂರನೇ ಕೃತಜ್ಞತೆ ಅವರಿಗೆ. ನನ್ನಂಥವಳೊಬ್ಬಳು ಇದ್ದಾಳೆ ಅಂತ ತಿಳಿಯದೆಯೇ ಅವರು 2024ರ ಸೆಪ್ಟೆಂಬರ್ 9ರಂದು ತೀರಿಕೊಂಡರು. 93 ವರ್ಷ ಆಗಿತ್ತು. ಅವರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲು ಬಿಡಿ.

ಅವರು ಹುಟ್ಟಿದ್ದು 1931ರಲ್ಲಿ, ಮಿಸಿಸಿಪಿ ರಾಜ್ಯದ ಅರ್ಕಬಟ್ಲಾ ಎಂಬ ಪುಟ್ಟ ಊರಿನಲ್ಲಿ. ಕಪ್ಪು ಜನರಿಗೆ ಆ ರಾಜ್ಯದಲ್ಲಿ ಬದುಕು ಸುಲಭವಿಲ್ಲದ ಕಾಲ. ಅಪ್ಪ ಆಗಲೇ ಮನೆ ಬಿಟ್ಟಿದ್ದರು. ಬೆಳೆಸಿದ್ದು ತಾಯಿಯ ಕಡೆಯ ಅಜ್ಜ ಅಜ್ಜಿ. ಮಗುವಿಗೆ ಐದು ವರ್ಷವಾಗುವ ಹೊತ್ತಿಗೆ ಅವರು ಉತ್ತರದ ಮಿಶಿಗನ್ ರಾಜ್ಯದ ಒಂದು ಹಳ್ಳಿಯ ತೋಟಕ್ಕೆ ಬಂದು ನೆಲೆಸಿದರು. ಊರು ಬಿಟ್ಟು ಬಂದ ಆ ಮಗುವಿಗೆ ಮಾತು ಸಿಕ್ಕಿಕೊಳ್ಳತೊಡಗಿತು. ಮಕ್ಕಳು ನಕ್ಕರು. ಆಮೇಲೆ ಸುಮಾರು ಎಂಟು ವರ್ಷ ಹುಡುಗ ಹೊರಗಿನವರ ಹತ್ತಿರ ಮಾತೇ ಆಡಲಿಲ್ಲ. ಶಾಲೆಯಲ್ಲಿ ಬರೆದು ತೋರಿಸುತ್ತಿದ್ದ. ಮಾತಾಡಿದರೆ ತೋಟದ ದನಕರು, ಹಂದಿಗಳ ಜೊತೆ.

ಈ ಸಾಲು ಓದಿದಾಗ ನಮ್ಮ ಕೊಟ್ಟಿಗೆಯ ಗೌರಿ ನೆನಪಾದಳು. ಇಡೀ ದಿನ ಬಾಯಿ ಮುಚ್ಚಿಕೊಂಡಿದ್ದು, ಸಂಜೆ ಹುಲ್ಲು ಹಾಕುವಾಗ ಅವಳ ಹತ್ತಿರ ಒಂದೂ ಅಕ್ಷರ ತಡೆಯದೆ ಎಲ್ಲ ಹೇಳುತ್ತಿದ್ದೆ. ಅಷ್ಟು ದೂರದ ಮಿಶಿಗನ್‌ನಲ್ಲೂ ಒಬ್ಬ ಹುಡುಗ ಹೀಗೇ ಮಾಡುತ್ತಿದ್ದ ಅಂತ ಆಗಲೇ ಯಾರಾದರೂ ಹೇಳಿದ್ದರೆ ಎಷ್ಟು ಧೈರ್ಯ ಬರುತ್ತಿತ್ತು, ಅಲ್ವಾ?

ಹೈಸ್ಕೂಲಿನಲ್ಲಿ ಅವರಿಗೆ ಡೊನಾಲ್ಡ್ ಕ್ರೌಚ್ ಎಂಬ ಮೇಷ್ಟ್ರು ಸಿಕ್ಕರು. ಮಾತಾಡದ ಈ ಹುಡುಗ ಕವಿತೆ ಬರೆಯುತ್ತಾನೆ ಅಂತ ಅವರು ಪತ್ತೆ ಮಾಡಿದರು. ಎರಡನೇ ಮಹಾಯುದ್ಧದ ಸಮಯ. ಹಳ್ಳಿಗೆ ಗ್ರೇಪ್‌ಫ್ರೂಟ್ ಹಣ್ಣು ಬಂದಿತ್ತು. ನಮ್ಮ ಚಕ್ಕೋತದ ಬಳಗದ ಹಣ್ಣು ಅದು. ಚಳಿಯ ಊರಿನ ಹುಡುಗನಿಗೆ ಅದರ ರುಚಿ ಎಷ್ಟು ಹಿಡಿಸಿತೆಂದರೆ, ಲಾಂಗ್‌ಫೆಲೋ ಕವಿಯ ಲಯದಲ್ಲಿ ಅದರ ಮೇಲೊಂದು ಕವಿತೆ ಬರೆದ. ಮೇಷ್ಟ್ರು ಓದಿದರು. ಇಷ್ಟು ಚೆನ್ನಾಗಿದೆ, ನೀನೇ ಬರೆದದ್ದು ಅಂತ ನಂಬುವುದು ಹೇಗೆ, ತರಗತಿಯ ಮುಂದೆ ಬಾಯಿಪಾಠ ಹೇಳಿ ತೋರಿಸು ಅಂದರು. ಹುಡುಗ ಎದ್ದು ನಿಂತ. ಹೇಳಿದ. ಒಂದು ಕಡೆಯೂ ತಡೆಯಲಿಲ್ಲ.

ಲಯ! ಅಜ್ಜನ ಪಕ್ಕದಲ್ಲಿ ನನಗೆ ಸಿಕ್ಕಿದ್ದೂ ಅದೇ. ಆ ಮೇಷ್ಟ್ರು ಮುಂದೆಯೂ ಬಿಡಲಿಲ್ಲ. ಕವಿತೆ ಓದಿಸಿದರು, ಚರ್ಚೆಗೆ ನಿಲ್ಲಿಸಿದರು, ನಾಟಕದ ಕಡೆ ತಿರುಗಿಸಿದರು.

ಮುಂದಿನದು ಬಹಳ ಜನರಿಗೆ ಗೊತ್ತು. ಮಿಶಿಗನ್ ವಿಶ್ವವಿದ್ಯಾಲಯಕ್ಕೆ ವೈದ್ಯನಾಗಬೇಕೆಂದು ಸೇರಿದವರು ನಾಟಕ ಓದಿದರು. ಸೈನ್ಯದಲ್ಲಿದ್ದು ಬಂದು ನ್ಯೂಯಾರ್ಕಿಗೆ ಹೋದರು. 'ದಿ ಗ್ರೇಟ್ ವೈಟ್ ಹೋಪ್' ನಾಟಕದಲ್ಲಿ ಕಪ್ಪು ಬಾಕ್ಸರ್‌ನ ಪಾತ್ರಕ್ಕೆ 1969ರಲ್ಲಿ ಟೋನಿ ಪ್ರಶಸ್ತಿ ಬಂತು. ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿ ಅದು. ಅದೇ ಪಾತ್ರವನ್ನು ಸಿನಿಮಾದಲ್ಲಿ ಮಾಡಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು. 1987ರಲ್ಲಿ ಇನ್ನೊಂದು ಟೋನಿ. 1991ರಲ್ಲಿ ಒಂದೇ ವರ್ಷ ಟಿವಿ ನಟನೆಗೆ ಎರಡು ಎಮ್ಮಿ ಪ್ರಶಸ್ತಿ. 2011ರಲ್ಲಿ ಗೌರವ ಆಸ್ಕರ್. 1977ರ 'ಸ್ಟಾರ್ ವಾರ್ಸ್' ಸಿನಿಮಾದಲ್ಲಿ ಕಪ್ಪು ಮುಖವಾಡದ ಖಳನಾಯಕ ಡಾರ್ತ್ ವೇಡರ್‌ಗೆ ಬರೀ ಧ್ವನಿ ಕೊಟ್ಟರು. ವೇಷದೊಳಗೆ ಇದ್ದವರು ಬೇರೆ ನಟ. ನಂದೇನಿದೆ, ಸುಮ್ನೆ ಧ್ವನಿ ಅಂತ ಮೊದಲ ಎರಡು ಚಿತ್ರಗಳಲ್ಲಿ ತಮ್ಮ ಹೆಸರು ಹಾಕುವುದೇ ಬೇಡ ಅಂದರು. 1994ರಲ್ಲಿ 'ಲಯನ್ ಕಿಂಗ್' ಕಾರ್ಟೂನ್ ಸಿನಿಮಾದ ಅಪ್ಪ ಸಿಂಹ ಮುಫಾಸಾನ ಧ್ವನಿ ಆದರು. ನನ್ನ ಮಗಳು ಅವರನ್ನು ಬಲ್ಲದ್ದು ಹಾಗೆ. 1958ರಲ್ಲಿ ಚಿಕ್ಕ ಪಾತ್ರ ಮಾಡಿದ್ದ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರಕ್ಕೆ 2022ರಲ್ಲಿ ಅವರದೇ ಹೆಸರು ಇಟ್ಟರು.

ಇಷ್ಟೆಲ್ಲ ಆದರೂ ಉಗ್ಗು ಹೋಯಿತು ಅಂತ ಅವರು ಹೇಳಿಕೊಳ್ಳಲಿಲ್ಲ. ಇದೆ, ಅದರ ಜೊತೆಯಲ್ಲೇ ಕೆಲಸ ಮಾಡುತ್ತೇನೆ ಅನ್ನುತ್ತಿದ್ದರು. ನನ್ನನ್ನು ಎತ್ತಿ ನಿಲ್ಲಿಸಿದ್ದು ಪ್ರಶಸ್ತಿಗಳಿಗಿಂತ ಈ ಮಾತು. ಅಲ್ಲಿಯವರೆಗೆ ನಾನು ಉಗ್ಗು ಹೋಗಲಿ ಅಂತ ಕಾಯುತ್ತಿದ್ದೆ. ಹೋದ ಮೇಲೆ ಹಾಡುತ್ತೇನೆ, ಓದುತ್ತೇನೆ, ಫೋನ್ ಎತ್ತುತ್ತೇನೆ ಅಂತ.

ಅವರ ಇನ್ನೊಂದು ಕೆಲಸ ನನಗೆ ಎಲ್ಲಕ್ಕಿಂತ ಪ್ರಿಯ. 1969ರಲ್ಲಿ ಪುಟ್ಟ ಮಕ್ಕಳಿಗಾಗಿ 'ಸೆಸಮೆ ಸ್ಟ್ರೀಟ್' ಟಿವಿ ಕಾರ್ಯಕ್ರಮ ತಯಾರಾಗುತ್ತಿತ್ತು. ಅದಕ್ಕಾಗಿ ಜೋನ್ಸ್ ಇಂಗ್ಲಿಷ್ ಅಕ್ಷರಮಾಲೆ ಹೇಳಿದರು. ಅಷ್ಟೇ. ತೆರೆಯ ಮೇಲೆ ಒಂದು ಅಕ್ಷರ ಬರುತ್ತದೆ, ಅವರು ನಿಲ್ಲುತ್ತಾರೆ, ತುಂಬಾ ಹೊತ್ತು ನಿಲ್ಲುತ್ತಾರೆ, ಆಮೇಲೆ ಅದರ ಹೆಸರು ಹೇಳುತ್ತಾರೆ. ನೋಡುತ್ತಿದ್ದ ಮಕ್ಕಳು ಮೊದಲು ಅವರ ಜೊತೆಗೆ ಹೇಳಿದರು. ಮತ್ತೆ ಮತ್ತೆ ನೋಡಿದ ಮೇಲೆ ಅವರಿಗಿಂತ ಮುಂಚೆಯೇ ಕೂಗತೊಡಗಿದರು. ಸಂಶೋಧಕರು ಇದನ್ನು ಗಮನಿಸಿ ಜೋನ್ಸ್ ಹೆಸರಿನಿಂದಲೇ ಕರೆದರು.

ಉಗ್ಗುವವರು ನಿಂತಾಗ ಎದುರಿನವರು ಆ ಜಾಗ ತುಂಬಿಬಿಡುತ್ತಾರೆ. ನಮ್ಮ ಮಾತನ್ನು ಅವರೇ ಮುಗಿಸುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ನೋವಾಗುತ್ತದೆ. ಮಾತು ನಿಂತ ಜಾಗದ ಭಯವನ್ನು ಪೂರ್ತಿ ಬಲ್ಲ ಒಬ್ಬ ಮನುಷ್ಯ, ಬೇಕೆಂದೇ ನಿಂತು, ಆ ಜಾಗವನ್ನು ಮಕ್ಕಳಿಗೆ ಕೊಟ್ಟುಬಿಟ್ಟರು. ಆ ವಿಡಿಯೋ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುವಾರ ಮೊದಲ ಪುಸ್ತಕ ಓದಲು ಕೂತೆ. ಒಂದು ಪುಟಕ್ಕೆ ನಲವತ್ತು ನಿಮಿಷ ಬೇಕಾಯಿತು.

ಇನ್ನು ಮನೆಯವರು. ನಮ್ಮೆಜಮಾನರು ಮದುವೆಯಾದ ದಿನದಿಂದ ಇವತ್ತಿನವರೆಗೆ ನನ್ನ ಒಂದು ಮಾತನ್ನೂ ತಾವಾಗಿ ಮುಗಿಸಿಲ್ಲ. ಅನ್ನ ತಟ್ಟೆಯಲ್ಲಿ ಆರಿದರೂ ಕಾದಿದ್ದಾರೆ. ರೀ, ಇದನ್ನು ಎಲ್ಲರ ಮುಂದೆ ಹೇಳಬೇಕು ಅಂತ ಎಷ್ಟು ದಿನದಿಂದ ಅಂದುಕೊಂಡಿದ್ದೆ. ಮಗಳು ರೆಕಾರ್ಡಿಂಗ್ ಹೊತ್ತಲ್ಲಿ ಟಿವಿ ಹಾಕದೆ ಎಂಟು ವರ್ಷ ಬೆಳೆದಳು. ಅತ್ತೆ ಬೀದಿ ನಾಯಿಗಳಿಗೆ ರಾತ್ರಿ ಅನ್ನ ಹಾಕಿ, ಬೊಗಳದ ಹಾಗೆ ನೋಡಿಕೊಂಡರು. ನಿಜವಾಗಿಯೂ!

ಕೊನೆಯದಾಗಿ, ಕೇಳಿದ ಮಕ್ಕಳು. ಮೊದಲೆಲ್ಲ ಉಗ್ಗಿದ ಜಾಗವನ್ನೆಲ್ಲ ಕತ್ತರಿಸಿ ಕಳಿಸುತ್ತಿದ್ದೆ. ಒಂದು ಸಲ ಕೆಲಸ ಜಾಸ್ತಿಯಾಗಿ ಒಂದು ಪಾಠ ಹಾಗೇ ಹೋಯಿತು. 'ಪ್ರಪಂಚ' ಅನ್ನುವ ಪದದಲ್ಲಿ ಮೂರು ಸಲ ತಡೆದಿದ್ದೆ. ಹತ್ತನೇ ತರಗತಿಯ ಹುಡುಗನೊಬ್ಬ ಫೋನ್ ಮಾಡಿದ. ನನಗೆ ಎದೆ ಹೊಡೆದುಕೊಂಡಿತು. 'ಆಂಟಿ, ಅಲ್ಲಿ ನೀವು ನಿಂತ್ರಲ್ಲ, ಆ ಪದ ನನಗೆ ಚೆನ್ನಾಗಿ ನೆನಪು ಉಳೀತು' ಅಂದ. ಆಮೇಲೆ ಕತ್ತರಿಸುವುದನ್ನು ಬಿಟ್ಟೆ.

50ನೆಯದು ಮುಗಿಯಿತು ಅಂತ ಅವನಿಗೇ ಮೊದಲು ತಿಳಿಸಿದೆ. ಈಗ ಡಿಗ್ರಿ ಓದುತ್ತಿದ್ದಾನೆ. ಖುಷಿಪಟ್ಟ. ಅರ್ಥಶಾಸ್ತ್ರದ ಪುಸ್ತಕ ಯಾರೂ ಓದಿ ಕೊಟ್ಟಿಲ್ಲ ಆಂಟಿ, ನೋಟ್ಸ್ ಕಳಿಸಲಾ ಅಂತ ಕೇಳಿದ. ಕಳಿಸು ಅಂದೆ. ಮೊದಲ ಅಧ್ಯಾಯದ ಹೆಸರು 'ಪೂರೈಕೆ ಮತ್ತು ಬೇಡಿಕೆ'. ನಾಳೆ ರಾತ್ರಿ ಶುರು ಮಾಡುತ್ತೇನೆ.