ಆಲ್ಕೋಹಾಲ್ ಸಾರಗಳನ್ನು ಸದ್ಯಕ್ಕೆ ನಿಲ್ಲಿಸಿದ್ದೇವೆ

ಪ್ರಿಯ ಗ್ರಾಹಕರೇ,

ಆಲ್ಕೋಹಾಲ್‌ನಲ್ಲಿ ತೆಗೆದ ನಮ್ಮ ಗಿಡಮೂಲಿಕೆ ಸಾರಗಳು ಕೆಲವು ತಿಂಗಳು ಸಿಗುವುದಿಲ್ಲ. ಅವು ಲಿವರ್‌ಗೆ ಹಾನಿ ಮಾಡುತ್ತವೆಯೇ ಎಂಬ ಪರೀಕ್ಷೆಯನ್ನು ಮೊದಲಿನಿಂದ ಮಾಡಿಸುತ್ತಿದ್ದೇವೆ.

ಇಲ್ಲಿಯವರೆಗೆ ಇಲಿಗಳಿಗೆ ಒಂದೇ ಸಲ ಹೆಚ್ಚು ಪ್ರಮಾಣ ಕುಡಿಸಿ, 14 ದಿನ ನೋಡುವ ಪರೀಕ್ಷೆ ಮಾತ್ರ ಮಾಡಿಸುತ್ತಿದ್ದೆವು. ಆದರೆ ನೀವು ಸಾರವನ್ನು ಒಂದೇ ದಿನ ತೆಗೆದುಕೊಂಡು ಬಿಡುವುದಿಲ್ಲ, ಅಲ್ವಾ? ದಿನಾ ಸ್ವಲ್ಪ ಸ್ವಲ್ಪವೇ ಲಿವರ್‌ಗೆ ಬೀಳುವ ಪೆಟ್ಟು ಅದರಲ್ಲಿ ಕಾಣುವುದಿಲ್ಲ. ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನೀರಿನಲ್ಲಿ ಕುದಿಸಿದ ಸಾರದ ವರದಿಯನ್ನೇ ಆಲ್ಕೋಹಾಲ್ ಸಾರಕ್ಕೂ ತೋರಿಸುತ್ತಿದ್ದೆವು. ಗಿಡ ಒಂದೇ, ನಿಜ. ಆದರೆ ನೀರಿಗೆ ಬಿಡದ ಎಷ್ಟೋ ಅಂಶಗಳು ಆಲ್ಕೋಹಾಲ್‌ಗೆ ಬಿಡುತ್ತವೆ.

ಗ್ರೀನ್ ಟೀಯನ್ನೇ ನೋಡಿ. ಕುಡಿಯುವ ಟೀ ಸಾಮಾನ್ಯವಾಗಿ ಸುರಕ್ಷಿತ. ಅದರದೇ ಗಟ್ಟಿ ಸಾರದಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಗ್ರೀನ್ ಟೀ ಎಲೆಯ ಒಂದು ಮುಖ್ಯ ಅಂಶ) ತೆಗೆದುಕೊಂಡವರ ರಕ್ತದಲ್ಲಿ ಲಿವರ್ ಕಿಣ್ವ ಏರಿದ್ದನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿದೆ.

ಇನ್ನು ಮೇಲೆ ಮೊದಲು ಲ್ಯಾಬಿನಲ್ಲಿ ಬೆಳೆಸಿದ ಲಿವರ್ ಕೋಶಗಳ ಮೇಲೆ ಪರೀಕ್ಷೆ. ಅಲ್ಲೇ ಹಾನಿ ಕಂಡರೆ ಆ ಸಾರವನ್ನು ಕೈಬಿಡುತ್ತೇವೆ, ಸುಮ್ನೆ ಪ್ರಾಣಿಗಳ ಜೀವ ತೆಗೆಯುವುದಿಲ್ಲ. ದಾಟಿದ ಸಾರವನ್ನು ಇಲಿಗಳಿಗೆ ದಿನಾ ಕೊಟ್ಟು ನೋಡುವ 28 ದಿನದ ಪರೀಕ್ಷೆ, ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 407ನೇ ಮಾರ್ಗಸೂಚಿಯಂತೆ. ಮೂರು ಪ್ರಮಾಣದ ಮೂರು ಗುಂಪು, ಸಾರ ಕೊಡದ ಒಂದು ಗುಂಪು. ಗುಂಪಿಗೆ 5 ಗಂಡು, 5 ಹೆಣ್ಣು. ಒಟ್ಟು 40 ಇಲಿ. ಇದು ನಮಗೆ ಸಣ್ಣ ಸಂಖ್ಯೆಯಲ್ಲ. ಪರೀಕ್ಷೆಯಾದ ಮೇಲೆ ಸಾರ ತೆಗೆಯುವ ವಿಧಾನವನ್ನು ಬದಲಿಸುವುದಿಲ್ಲ ಎಂದು ತೀರ್ಮಾನಿಸಿದ್ದೂ ಇದಕ್ಕೇ. ಬದಲಿಸಿದರೆ ಮತ್ತೆ 40 ಇಲಿ ಬೇಕಾಗುತ್ತದೆ.

"ಎಎಲ್‌ಟಿ ನಾರ್ಮಲ್ ಇದ್ದರೆ ಸಾಕಲ್ವಾ?" ಎಂದು, ರಕ್ತ ಪರೀಕ್ಷೆಯಲ್ಲಿ ನೋಡುವ ಲಿವರ್ ಕಿಣ್ವದ ಬಗ್ಗೆ ಕೆಲವರು ಕೇಳಿದ್ದೀರಿ. ಸಾಲದು. ಲಿವರ್ ಕೋಶಕ್ಕೆ ಏಟು ಬಿದ್ದಾಗ ಎಎಲ್‌ಟಿ, ಎಎಸ್‌ಟಿ ಎಂಬ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಆದರೆ ಎಎಸ್‌ಟಿ ಸ್ನಾಯುವಿನಿಂದಲೂ ಬರುತ್ತದೆ. ಕೊಬ್ಬು ತುಂಬಿದ ಲಿವರ್‌ನಲ್ಲಿ ಎಎಲ್‌ಟಿ ಏರದೆಯೂ ಇರಬಹುದು. ಹಾಗಾಗಿ ಇಲಿಗಳ ಲಿವರ್ ತೂಕ ನೋಡಿ, ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಆ ವರದಿಯನ್ನು ಪೂರ್ತಿಯಾಗಿ ನಿಮಗೆ ಕೊಡುತ್ತೇವೆ.

ಇಲಿಗೆ ಏನೂ ಆಗದ ಸಾರ ಕೆಲವು ಮನುಷ್ಯರಿಗೆ ಒಗ್ಗದೇ ಇರಬಹುದು. ಕಣ್ಣು ಹಳದಿಯಾದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ತುಂಬಾ ಸುಸ್ತು ಅಥವಾ ತುರಿಕೆ ಬಂದರೆ ಸಾರ ನಿಲ್ಲಿಸಿ ತಕ್ಷಣ ವೈದ್ಯರ ಹತ್ತಿರ ಹೋಗಿ. ಬಾಟಲಿಯನ್ನೂ ತೋರಿಸಿ. ಹೊಸ ಲೇಬಲ್ ಮೇಲೆ ಇದನ್ನೇ ದೊಡ್ಡ ಅಕ್ಷರದಲ್ಲಿ ಹಾಕುತ್ತಿದ್ದೇವೆ.

ನಿಮ್ಮ ಬಳಿ ಇರುವ ಆಲ್ಕೋಹಾಲ್ ಸಾರದ ಬಾಟಲಿಗಳನ್ನು, ಅರ್ಧ ಖಾಲಿಯಾಗಿದ್ದರೂ, ವಾಪಸ್ ಕಳುಹಿಸಿ. ಪೂರ್ತಿ ಹಣ ಕೊಡುತ್ತೇವೆ.