ತಲಾಠಿ ಬಾಯಾರಾದ ಮಗಳಿಗೊಂದು ಪತ್ರ

ನನ್ನವ್ವಾ,

ಫೋನ್‌ನಾಗ ಇದನ್ನೆಲ್ಲಾ ಹೇಳಾಕ ಆಗೂದಿಲ್ಲ, ನೀ ನಡುವ ಬಾಯಿ ಹಾಕ್ತಿ, ನನಗ ಸಿಟ್ಟ ಬರ್ತೈತಿ, ಆಮ್ಯಾಲ ಇಬ್ಬರೂ ಫೋನ್ ಇಟ್ಟು ಸುಮ್ಮನ ಕುಂದರ್ತೀವಿ, ಅದಕ್ಕ ಟೈಪ್ ಮಾಡಿ ಕಳಸಾಕತ್ತೀನಿ. ಉದ್ದ ಐತಿ, ಊಟ ಆದಿಂದ ಓದು.

ಮೊನ್ನಿ ನೀ ಏನಂದಿ? "ಅವ್ವಾ, ಅಂಗವಿಕಲ ವೇತನಕ್ಕ ಬರೂ ಮಂದ್ಯಾಗ ಅರ್ಧಕ್ಕರ್ಧ ನಾಟಕ ಬೇ, ಒಬ್ಬಾಂವ ಸ್ಕೂಟಿ ಹೊಡಕೊಂಡ ಬಂದ, ಗಾಡಿ ನಿಲ್ಲಿಸಿ ಆರಾಮ ನಡಕೋತ ಒಳಗ ಬಂದ, ಅವಗ್ಯಾತರ ಪೆನ್ಶನ್" ಅಂದಿ. ಬ್ಯಾರೆ ಯಾರರೆ ಅಂದಿದ್ರ ನಾ ಕಿವಿಗೆ ಹಾಕೋತಿದ್ದಿಲ್ಲ, ನಾ ವಿಆರ್‌ಡಬ್ಲ್ಯೂ, ಅಂದ್ರ ಊರಿನ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ ಆದಾಗಿಂದ ನಮ್ಮ ಪಂಚಾಯ್ತಿ ಕಟ್ಟಿ ಮ್ಯಾಲ ಇಂಥಾ ಮಾತ ಕೇಳಿ ಕೇಳಿ ಸಾಕಾಗೇತಿ. ಆದ್ರ ಕಟ್ಟಿ ಮ್ಯಾಲ ಕುಂತಾವ ಅಂದ್ರ ಅದು ಬರೇ ಮಾತು. ನಿನ್ನ ಕೈಯಾಗ ಲಾಗಿನ್ ಐತಿ. ನಿನ್ನ ಮನಸಿನ್ಯಾಗ ಸಂಶೆ ಬಂದ್ರ ಅಲ್ಲೆ ಒಬ್ಬರ ಅರ್ಜಿ ನಿಂದರ್ತೈತಿ.

ಬೋಗಸ್ ಇಲ್ಲಂತ ನಾ ಅನ್ನೂದಿಲ್ಲ. ನಿನಗಿಂತ ಹೆಚ್ಚ ನೋಡೀನಿ. ಕಿವಿ ಬರೋಬ್ಬರಿ ಕೇಳಾವ್ರು ಕಾರ್ಡ್ ಮಾಡಿಸಿಕೊಂಡಿದ್ದು, ನಡುವ ಏಜೆಂಟ್ ರೊಕ್ಕ ತಿಂದಿದ್ದು, ಎಲ್ಲಾ ಗೊತ್ತೈತಿ. 2024ರಾಗ ಮಹಾರಾಷ್ಟ್ರದ ಒಬ್ಬಾಕಿ ಟ್ರೇನಿ ಐಎಎಸ್ ಕಥಿ ನೀನೂ ಟಿವಿಯಾಗ ನೋಡಿದಿ, ಆಕಿ ಅಂಗವಿಕಲ ಸರ್ಟಿಫಿಕೇಟ್ ಮ್ಯಾಲ ಗದ್ದಲ ಎದ್ದು, ಕಡೀಕ ಯುಪಿಎಸ್‌ಸಿ ಆಕಿ ಆಯ್ಕೆನ ರದ್ದ ಮಾಡ್ತು. ಅದರ ಬಿಸಿ ಯಾರಿಗೆ ತಟ್ಟಿತು? ಅದ ವ್ಯಾಳ್ಯಾಕ ತೆಲಂಗಾಣದ ಹಿರಿಯ ಐಎಎಸ್ ಅಧಿಕಾರಿ ಒಬ್ರು ಈ ಸರ್ವಿಸ್‌ಗೆ ಅಂಗವಿಕಲರ ಕೋಟಾ ಯಾಕ ಬೇಕಂತ ಎಲ್ಲಾರಿಗೂ ಕಾಣೂ ಹಂಗ ಬರದ್ರು. ಒಬ್ಬಾಕಿ ಮ್ಯಾಲಿನ ಅನುಮಾನ, ಇಡೀ ಕುಲದ ಮ್ಯಾಲ ಬಂತು. ಆಮ್ಯಾಲ ನಮ್ಮ ಕಡೆ ಬಸ್ಸಿನ್ಯಾಗ ಕಂಡಕ್ಟರ್ ಅಂಗವಿಕಲರ ಪಾಸ್ ನೋಡಾಂವ, ಪಾಸ್ ಬಿಟ್ಟು ಕಾಲ ನೋಡಾಕ ಚಾಲೂ ಮಾಡಿದ. ಅದೂ ಪುಗಸಟ್ಟೆ ಪಾಸ್ ಅಲ್ಲ ಮತ್ತ, ವರ್ಷಕ್ಕ 660 ರೂಪಾಯಿ ಕಟ್ಟಿದ್ದು, ಊರಿಂದ 100 ಕಿಲೋಮೀಟರ್ ತನಕಷ್ಟ.

ಈಗ ಕಾಯ್ದೆ ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್‌ದಾಗ ಜಾರಿಗೆ ಬಂತು, ನಿಮ್ಮ ಟ್ರೇನಿಂಗ್‌ನ್ಯಾಗ ಹೇಳಿರಬೇಕು, ಹೇಳಿದ್ರೂ ಮಧ್ಯಾಹ್ನ ಊಟ ಆದ ಮ್ಯಾಲಿನ ಕ್ಲಾಸ್‌ನ್ಯಾಗ ಹೇಳಿರ್ತಾರ. ಅದರಾಗ 91ನೇ ಕಲಂ ಐತಿ, ಸುಳ್ಳ ಹೇಳಿ ಅಂಗವಿಕಲರ ಸವಲತ್ತ ತಗೊಂಡವರಿಗೆ 2 ವರ್ಷದ ತನಕ ಜೈಲು, ಇಲ್ಲಾ 1 ಲಕ್ಷದ ತನಕ ದಂಡ, ಇಲ್ಲಾ ಎರಡೂ. ಅದರ ಮಗ್ಗಲಕ 92ನೇ ಕಲಂ ಐತಿ ನೋಡು. ಅಂಗವಿಕಲರನ್ನ ಮಂದಿ ಮುಂದ ಬೇಕಂತ ಅವಮಾನ ಮಾಡಿದವರಿಗೆ ಕಮ್ಮೀತ ಕಮ್ಮಿ 6 ತಿಂಗಳು, ಹೆಚ್ಚಂದ್ರ 5 ವರ್ಷ, ಮ್ಯಾಲ ದಂಡ. ಕಳ್ಳಗಿಂತ ಅವಮಾನ ಮಾಡಿದವಗ ಹೆಚ್ಚಿನ ಶಿಕ್ಷಾ ಇಟ್ಟಾರ. ನಾ ಇದನ್ನ ಓದಿದಾಗ ಎರಡ ಸಲ ಓದಿದೆ, ಎಲ್ಲೋ ಪ್ರಿಂಟ್ ತಪ್ಪಾಗೇತೇನೋ ಅಂತ. ನಿಮ್ಮ ಆಫೀಸ್‌ನ್ಯಾಗ ಮೊದಲನೇದ್ದು ಎಲ್ಲಾರಿಗೂ ಬಾಯಿಪಾಠ ಇರ್ತೈತಿ, ಎರಡನೇದ್ದು ಗೊತ್ತಿದ್ದವರನ್ನ ಒಬ್ಬರನ್ನ ತೋರಸು.

ನಿನಗ ಹೇಳದೇ ಇದ್ದದ್ದೊಂದು ಐತಿ. ನೀ ಹುಟ್ಟೂಕಿಂತ ಮೊದಲ ನಾ ವೇತನಕ್ಕ ಅರ್ಜಿ ಹಾಕಿದ್ದೆ, ನಿಮ್ಮ ಅಜ್ಜ ಕರಕೊಂಡ ಹೋಗಿದ್ದ. ಆಫೀಸ್ ಯಾವುದು, ಯಾರಿದ್ರು ಬಿಡು ಈಗ. ಡಾಕ್ಟರ್ ಸರ್ಟಿಫಿಕೇಟ್ ಟೇಬಲ್ ಮ್ಯಾಲ ಇಟ್ಟೇವಿ, ಸೀಲ್ ಐತಿ, ಸಹಿ ಐತಿ, ಪರ್ಸೆಂಟೇಜ್ ಬರದೈತಿ. ಅವರು ಅದನ್ನ ಮುಟ್ಟಲೇ ಇಲ್ಲ. "ಆ ಬಾಗಲದಿಂದ ಇಲ್ಲೀತನಕ ನಡದ ತೋರಸವಾ" ಅಂದ್ರು. ಬಾಕಿನ ಮ್ಯಾಲ ಮಂದಿ ಕುಂತಿದ್ರು, ಚಾ ತಂದ ಹುಡುಗ ಸೈತ ನಿಂತ. ಅವತ್ತ ನನ್ನ ತಲ್ಯಾಗ ಏನ್ ಓಡಿತು ಗೊತ್ತೈತೇನು, ಹೆಂಗ ನಡೀಲಿ ಅಂತ. ಕಾಲಿಗೆ ಆಸರಕ್ಕ ಕಟ್ಟೂ ಕ್ಯಾಲಿಪರ್ ಬಿಗಿ ಮಾಡಿ ನೆಟ್ಟಗ ನಡದ್ರ ವೇತನ ಹೋಗ್ತೈತಿ, ಹೊಯ್ದಾಡಿದ್ರ ನಾಟಕ ಮಾಡ್ತಾಳ ಅಂತಾರ. ಹುಟ್ಟಿ ಬುದ್ಧಿ ಬಂದಾಗಿಂದ ನಮ್ಮವ್ವ ನೆಟ್ಟಗ ನಡಿ, ಮಂದಿ ನೋಡ್ತಾರ ಅಂತ ಕಲಿಸಿದ್ದು, ಇಲ್ಲಿ ಸರ್ಕಾರದವ್ರ ಮುಂದ ಸೊಟ್ಟ ನಡೀಬೇಕಂದ್ರ ಹೆಂಗ. ನಿಮ್ಮಜ್ಜ ನೆಲ ನೋಡಾಕತ್ತಿದ್ದ. ನಾ ನಡದೆ. ಹೆಂಗ ನಡದೆ ಅನ್ನೂದು ನೆಪ್ಪಿಲ್ಲ.

ನೀ ಆ ಸ್ಕೂಟಿ ಹುಡುಗನ್ನ ನೋಡಿದ್ದೂ ಹಂಗ ಅಂತ ನನಗ ಅನಿಸಿತು, ನೀ ನಡಿ ಅನ್ನಲಿಲ್ಲ ಖರೇ, ಆದ್ರ ಕಿಟಕ್ಯಾಗಿಂದ ಅಳತಿ ಮಾಡಿದಿ.

ಅಳತಿ ಮಾಡೂದು ನಿನ್ನ ಕೆಲಸಲ್ಲವಾ. ಕೀಲು ಎಷ್ಟ ಮಡಚತೈತಿ, ಸ್ನಾಯುದಾಗ ಎಷ್ಟ ಶಕ್ತಿ ಐತಿ, ಕಾಲ ಎಷ್ಟ ಗಿಡ್ಡ ಐತಿ ಅಂತ ಡಾಕ್ಟರ್ ನೋಡ್ತಾರ, ಕಿವೀದಕ್ಕ ಮಷೀನ್ ಟೆಸ್ಟ್, ಬುದ್ಧೀದಕ್ಕ ಐಕ್ಯೂ ಟೆಸ್ಟ್, ಎಲ್ಲಾ ಸೇರಿ ಒಂದು ಪರ್ಸೆಂಟ್ ಬರೀತಾರ, 40 ಇಲ್ಲಾ ಅದರ ಮ್ಯಾಲಿದ್ರ ಯೋಜನೆಗೆ ಲಾಯಕ್ಕು. ಅದು ಯುಡಿಐಡಿ ಕಾರ್ಡ್, ಅಂದ್ರ ಅಂಗವಿಕಲರ ಗುರುತಿನ ಕಾರ್ಡ್ ಮ್ಯಾಲ ಬಂದಿರ್ತೈತಿ. ನೀ ನೋಡೂದು ಊರ ಖರೇ ಐತೋ ಇಲ್ಲೋ, ಆದಾಯ ಎಷ್ಟು, ಬ್ಯಾಂಕ್ ಖಾತೆ ಆಧಾರ್‌ಗೆ ಜೋಡಣೆ ಆಗೇತೋ ಇಲ್ಲೋ. ಕಾರ್ಡ್ ಮ್ಯಾಲ ಸಂಶೆ ಇದ್ರ ಬರದು ಡಾಕ್ಟರ್‌ಗಳ ಮೆಡಿಕಲ್ ಬೋರ್ಡಿಗೆ ವಾಪಸ್ ಕಳಸು, ಕಾಗದ ಕಾಗದಕ್ಕ ಮಾತಾಡ್ಲಿ. ಅಂವನ ಮಾರಿ ಮ್ಯಾಲ ಸಂಶೆ ಒಗೀಬ್ಯಾಡ.

ಮತ್ತ ಕಣ್ಣಿಗೆ ಕಾಣೂದಷ್ಟ ಅಂಗವಿಕಲತೆ ಅನ್ಕೊಂಡಿ ಏನು? 1995ರ ಹಳೇ ಕಾಯ್ದೆದಾಗ 7 ನಮೂನಿ ಇದ್ವು, ಈಗ 21 ಅದಾವ. ಥಲಸ್ಸೆಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಅನ್ನೂ ರಕ್ತದ ಕಾಯಿಲೆ, ಪಾರ್ಕಿನ್ಸನ್, ಮಾನಸಿಕ ಕಾಯಿಲೆ, ಆ್ಯಸಿಡ್ ದಾಳಿ ಆದವ್ರು, ಎಲ್ಲಾ ಅದರಾಗ ಬರ್ತಾರ. ನಮ್ಮ ಪಂಚಾಯ್ತ್ಯಾಗ ಒಂದು ಹುಡುಗ ಐತಿ, ಥಲಸ್ಸೆಮಿಯಾ, ರಕ್ತ ಏರಿಸಿಕೊಂಡ ಬಂದ ವಾರ ಕ್ರಿಕೆಟ್ ಆಡ್ತೈತಿ, ಆಮ್ಯಾಲ ದಿನಾ ದಿನಾ ಬಿಳಚಿಕೋತ ಹೋಗಿ ಮೂಲ್ಯಾಗ ಮಲಗಿಬಿಡ್ತೈತಿ. ಕ್ರಿಕೆಟ್ ಆಡೂದನ್ನ ನೋಡಿದವ್ರು ಊರತುಂಬ ಅದಾರ, ಮಲಗಿದ್ದು ಅವರವ್ವಗಷ್ಟ ಗೊತ್ತು. ಇನ್ನೊಬ್ಬಾಂವ ಮನಸಿನ ಕಾಯಿಲೆ ಇದ್ದಾಂವ, ಗುಳಿಗಿ ತಗೊಂಡ್ರ ಸಂತಿಗೆ ಹೋಗಿ ಉಳ್ಳಾಗಡ್ಡಿ ತರ್ತಾನ, ಚೌಕಾಶಿನೂ ಮಾಡ್ತಾನ, ಗುಳಿಗಿ ಬಿಟ್ಟಾಗ ಅವನ ಹೆಂಡ್ತಿ ನನಗ ರಾತ್ರಿ ಫೋನ್ ಹಚ್ತಾಳ. ಆರಾಮ ಅದಾನಲ್ರಿ, ಅಂತಾರ. ಆರಾಮ ಇರೂದ ಆ ಗುಳಿಗಿಯಿಂದ.

ನನಗ ಎಲ್ಲಕ್ಕಿಂತ ಹೊಟ್ಟಿ ಉರಿಯೂದು ಯಾವುದು ಗೊತ್ತೈತಿ? ಅಂಗವಿಕಲ ಮನ್ಯಾಗ ಇದ್ರ ಕುಂತು ತಿಂತಾನ ಅಂತಾರ, ಹೊರಗ ಬಂದು ಝೆರಾಕ್ಸ್ ಅಂಗಡಿ ಇಟ್ರ ದುಡೀತಾನಲ್ಲ ವೇತನ ಯಾಕ ಅಂತಾರ. ಮದವಿ ಆಗದಿದ್ರ ಪಾಪ ಅಂತಾರ, ಆದ್ರ ಇವಗ ಇದೊಂದು ಬ್ಯಾರೆ ಬೇಕಾಗಿತ್ತು ಅಂತಾರ. ನನ್ನ ಮದವಿಯಾಗ ನಿಮ್ಮಪ್ಪಾರಿಗೆ ಬೀಗರ ಮಂದಿ ದೊಡ್ಡ ಮನಸ್ಸು ನಿಮ್ದು, ದೊಡ್ಡ ಮನಸ್ಸು ಅಂದಾಗ ಅವ್ರು ಏನಂದ್ರು ಕೇಳಬೇಕಂದ್ರ ಕೇಳು, ನಾ ಬರಿಯೂ ಹಂಗಿಲ್ಲ, ಬೈಗುಳ ಅದಾವ.

ಇರ್ಲಿ, ರೊಕ್ಕದ ಲೆಕ್ಕಕ್ಕ ಬರೋಣ, ಈ ನಾಟಕ ಮಾಡಿ ಏನ್ ಗಂಟ ಕಟಗೋತಾರ ನೋಡೋಣ. 40ರಿಂದ 74 ಪರ್ಸೆಂಟ್‌ಗೆ ತಿಂಗಳಿಗೆ 800, 75 ಮತ್ತ ಅದರ ಮ್ಯಾಲಿದ್ರ 1400. 2021ರಾಗ ಬೊಮ್ಮಾಯಿ ಸಾಹೇಬ್ರು ಸಿಎಂ ಆದ ದಿವಸ 600 ಇದ್ದದ್ದನ್ನ 800 ಮಾಡಿದ್ರು, ಅವತ್ತ ವಿಧವಾ ವೇತನನೂ 600ರಿಂದ 800 ಆತು, ವಯಸ್ಸಾದವರ ಸಂಧ್ಯಾ ಸುರಕ್ಷಾ 1000ದಿಂದ 1200. ಕೇಂದ್ರದವ್ರ ಪಾಲು 300, ಅದೂ 80 ಪರ್ಸೆಂಟ್ ಇದ್ದು ಬಿಪಿಎಲ್ ಇದ್ರಷ್ಟ. 800ಕ್ಕ ಒಂದು ಸಿಲಿಂಡರ್ ಬರೂದಿಲ್ಲ. ಇದರಾಗ ಒಂದ ತಮಾಷಿ ಐತಿ ಕೇಳು. ಅದ 2016ರ ಕಾಯ್ದೆ 24ನೇ ಕಲಂದಾಗ, ಬ್ಯಾರೆ ಮಂದಿಗೆ ಅಂಥಾದ್ದೇ ಯೋಜನೆದಾಗ ಎಷ್ಟ ಕೊಡ್ತಾರ ಅದಕ್ಕಿಂತ ಕಮ್ಮೀತ ಕಮ್ಮಿ 25 ಪರ್ಸೆಂಟ್ ಹೆಚ್ಚ ಅಂಗವಿಕಲರಿಗೆ ಕೊಡಬೇಕಂತ ಐತಿ. ಯಾಕಂದ್ರ ನಮಗ ಖರ್ಚ ಹೆಚ್ಚ. ಎಲ್ಲಾರೂ ನಡಕೊಂಡ ಹೋಗೂವಲ್ಲಿ ನಾವು ಆಟೋ ಹಿಡೀಬೇಕು, ದವಾಖಾನಿಗೆ ಸಂಗಾಟ ಒಬ್ಬರನ್ನ ಕರಕೊಂಡ ಹೋಗಬೇಕು, ಅವರ ಒಂದ ದಿನದ ಕೂಲಿ ಹೋಗ್ತೈತಿ. ಸಂಧ್ಯಾ ಸುರಕ್ಷಾದ 1200ಕ್ಕ 25 ಪರ್ಸೆಂಟ್ ಕೂಡಿಸು, 1500 ಆಗ್ತೈತಿ. ಸಿಗೂದು 800. ಹಂಗಾರ ಯಾರು ಯಾರ್ದು ತಿನ್ನಾಕತ್ತಾರ?

ನಮ್ಮ ಕಟ್ಟಿ ಮ್ಯಾಲಿನ ಗೌಡ್ರಿಗೆ ಪಿಎಂ ಕಿಸಾನ್ ವರ್ಷಕ್ಕ 6000 ಬರ್ತೈತಿ, ಅವರ ಮನಿಯಾಕಿಗೆ ಗೃಹಲಕ್ಷ್ಮಿ ತಿಂಗಳಿಗೆ 2000, ಮತ್ತ ಆಕಿ ಬಸ್ಸಿನ್ಯಾಗ ಫ್ರೀ ಅಡ್ಯಾಡ್ತಾಳ, ನಾನೂ ಅಡ್ಯಾಡ್ತೀನಿ, ಬ್ಯಾಡ ಅನ್ನೂದಿಲ್ಲ. ಅವು ಯಾವುವೂ ಭಿಕ್ಷಾ ಅಲ್ಲ. ಒಂದ ಕಂತ ತಡ ಆದ್ರ ಗೌಡ್ರು ಪಂಚಾಯ್ತಿಗೆ ಬಂದು ಟೇಬಲ್ ಬಡೀತಾರ. ಅಂಗವಿಕಲ ಹುಡುಗ ವೇತನ ಬಂದಿಲ್ರಿ ಅಂತ ಬಂದ್ರ "ಸರ್ಕಾರ ಕೊಟ್ಟಾಗ ತಗೋಬೇಕಪ್ಪ" ಅಂತ ಅದ ಗೌಡ್ರು ಬುದ್ಧಿ ಹೇಳ್ತಾರ.

ಡಿಸೆಂಬರ್ 3ರ ಕಾರ್ಯಕ್ರಮನೂ ನೀ ಈ ವರ್ಷ ಡ್ಯೂಟಿ ಮ್ಯಾಲ ನೋಡ್ತಿ. ವಿಕಲಚೇತನರ ದಿನಾಚರಣೆ ಅಂತ ದೊಡ್ಡ ಬ್ಯಾನರ್ ಹಾಕಿರ್ತಾರ, ಸ್ಟೇಜಿಗೆ ಮೆಟ್ಟಲ ಇರ್ತಾವ, ರ‍್ಯಾಂಪ್ ಇರೂದಿಲ್ಲ. ಮುಂಜಾನೆ ಬಂದ ಮಂದಿ ಸಾಹೇಬ್ರ ಹಾದಿ ಕಾಯ್ಕೋತ ಪೆಂಡಾಲ್‌ದಾಗ ಕುಂತಿರ್ತಾರ, ಹೆಣ್ಮಕ್ಕಳು ನೀರ ಸೈತ ಕುಡಿಯೂದಿಲ್ಲ, ಯಾಕಂದ್ರ ಅಲ್ಲಿ ನಾವು ಹೋಗೂವಂಥಾ ಸಂಡಾಸ ಇರೂದಿಲ್ಲ. ಆಮ್ಯಾಲ ಸಾಹೇಬ್ರು ಕೆಳಗ ಇಳದು ಬಂದು ಗಾಡಿ ಕೀಲಿಕೈ ಕೊಡ್ತಾರ, ಫೋಟೋ. ನಮ್ಮವ್ರೂ ಕೈ ಮುಗೀತಾರ. ಕೈ ಮುಗಿದ್ರ ಒಳ್ಳೇವ್ರು, ರಸೀದಿ ಕೊಡ್ರಿ ಅಂತ ಕೇಳಿದ್ರ ಸೊಕ್ಕಿನವ್ರು.

ಇನ್ನ ನಿನ್ನ ಕೈಯಾಗ ಇರೂದು. ಕುಷ್ಠರೋಗ ವಾಸಿಯಾದ ಎಷ್ಟೋ ಮಂದಿಗೆ ಬೆರಳ ಇರೂದಿಲ್ಲ, ಹೆಬ್ಬಟ್ಟ ಬೀಳೂದಿಲ್ಲ, ಕಣ್ಣ ಇಲ್ಲದವರಿಗೆ ಕ್ಯಾಮೆರಾ ಮುಂದ ಕಣ್ಣ ಪಿಳಕಿಸು ಅಂದ್ರ ಆಗೂದಿಲ್ಲ, ಅಲ್ಲಿಗೆ ಕೆವೈಸಿ ಫೇಲ್, ವೇತನ ಬಂದ್. 2025ರ ಏಪ್ರಿಲ್ 30ಕ್ಕ ಸುಪ್ರೀಂ ಕೋರ್ಟ್ ಇದರ ಮ್ಯಾಲನ ತೀರ್ಪ ಕೊಟ್ಟೈತಿ, ಆ್ಯಸಿಡ್ ದಾಳಿ ಆದವ್ರು, ಕಣ್ಣ ಕಾಣದವ್ರು ಹೋಗಿದ್ದ ಕೇಸು, ಡಿಜಿಟಲ್ ಸೌಲಭ್ಯ ಸಿಗೂದು ಬದುಕೂ ಹಕ್ಕಿನ ಭಾಗ ಅಂತ ಹೇಳಿ ಕೆವೈಸಿ ಸುಧಾರಿಸಾಕ 20 ನಿರ್ದೇಶನ ಕೊಟ್ರು. ಪ್ರಿಂಟ್ ತಗದು ನಿಮ್ಮ ಆಪರೇಟರ್ ಟೇಬಲ್ ಮ್ಯಾಲ ಇಡು. ಹಾಸಿಗಿ ಹಿಡದವರ ಮನಿಗೆ ನೀನ ಹೋಗು, ಅವರನ್ನ ಹೊತಗೊಂಡ ತರಿಸಬ್ಯಾಡ. ಕಿವಿ ಕೇಳದವ್ರು ಬಂದ್ರ ಅವರ ಮಾರಿ ನೋಡಿ ಮಾತಾಡು, ಸಂಗಾಟ ಬಂದ ಅಣ್ಣನ ಮಾರಿ ಅಲ್ಲ, ಬರಿಯಾಕ ಬಂದ್ರ ಪೆನ್ನ ಕೊಡು. ಆಧಾರ್‌ದಾಗ ಬಸಪ್ಪ, ಪಾಸ್‌ಬುಕ್‌ನ್ಯಾಗ ಬಸವರಾಜ ಇದ್ರ ಏನೇನ ತಿದ್ದಸಬೇಕು ಎಲ್ಲಾ ಒಂದ ಸಲಕ್ಕ ಬರದ ಕೊಡು, ಒಂದ ಹೇಳಿ ಕಳಿಸಿ ಮುಂದಿನ ವಾರ ಇನ್ನೊಂದ ಹೇಳಬ್ಯಾಡ. ಮತ್ತ ಆ ಊರಿನ ವಿಆರ್‌ಡಬ್ಲ್ಯೂ ನಂಬರ್ ಇಟಗೋ, ಯಾರ ಮನಿ ಕಥಿ ಏನು ಅಂತ ಅವರಿಗೆ ಗೊತ್ತಿರ್ತೈತಿ, ಅವರೂ ಅಂಗವಿಕಲರೇ, ನಿನಗ ಬೋಗಸ್ ಯಾವುದು ಅಂತನೂ ಹೇಳ್ತಾರ, ಕುರ್ಚಿ ಕೊಟ್ಟು ಕೇಳಿದ್ರ.

ಆ ಸ್ಕೂಟಿ ಹುಡುಗನ ಗಾಡಿಗೆ ಹಿಂದ ಬಾಜೂಕ ಎರಡ ಸಣ್ಣ ಗಾಲಿ ಇದ್ವೇನು, ನೋಡಿದ್ಯಾ? ಇದ್ರ ಅದು ಸರ್ಕಾರನ ಕೊಟ್ಟಿದ್ದಿರಬೇಕು, ಕಾಲಿಲ್ಲದವ್ರು ಅಡ್ಯಾಡ್ಲಿ ಅಂತ. ಇರದಿದ್ರೂ ನಿನಗ ಅದು ಸಂಬಂಧ ಇಲ್ಲ. ಅವನ ಅರ್ಜಿ ಇನ್ನೂ ನಿನ್ನ ಲಾಗಿನ್‌ನ್ಯಾಗ ಐತಿ ಅಂದಿ. ಅವನ್ನ ಮತ್ತ ಕರಸಬ್ಯಾಡ, ಆದಾಯದ್ದು, ಕಾರ್ಡಿಂದು ನೋಡಿ ಸೋಮವಾರ ಮುಂದ ಕಳಸು. ಕಳಸೂ ಹಂಗಿಲ್ಲಂದ್ರ ಕಾರಣ ಕಾಗದದ ಮ್ಯಾಲ ಬರದ ಕೊಡು, ಮ್ಯಾಲಿನವರ ಕಡೆ ಹೋಗಾಕ, ಬೆಂಗಳೂರಿನ ಅಂಗವಿಕಲರ ಆಯುಕ್ತರ ಕಡೆ ದೂರ ಕೊಡಾಕ ಅವಗ ಬರ್ತೈತಿ. ಅಂವ ಹೋಗದಿದ್ರ ನಾನ ಕರಕೊಂಡ ಹೋಗ್ತೀನಿ, ನನ್ನ ಮಗಳಂತ ಬಿಡೂದಿಲ್ಲ.

ಬಾಡಿಗಿ ಮನಿ ಅಡ್ವಾನ್ಸ್ ಎಷ್ಟಂದ್ರು ಅಂತ ನಿಮ್ಮಪ್ಪಾರು ಕೇಳಾಕತ್ತಾರ, ನಾಳೆ ಸಂಜಿ ಒಳಗ ಹೇಳು. ನೆಲಮಾಳಿಗಿದ್ದಲ್ಲ, ಮಾಳಿಗಿ ಮ್ಯಾಲಿಂದೂ ಅಲ್ಲ, ಕೆಳಗಿನ ಮನಿನ ಹಿಡಿ, ನಾ ಬಂದ್ರ ಏರಾಕ ಬರಬೇಕಲ್ಲ.

ನಿನ್ನ ಅವ್ವ