ಆರ್‌ಸಿ ಬದಲಾಯಿತು, ಆ್ಯಪ್ ಬದಲಾಗಲಿಲ್ಲ

ಮಾನ್ಯರೇ,

ದಾವಣಗೆರೆಯಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಮಾಲೀಕತ್ವ ವರ್ಗಾವಣೆಯ ಫಾರಂ 29, ಫಾರಂ 30, ಇನ್ಶುರೆನ್ಸ್, ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ, ಎರಡನೇ ಕೀ ಎಲ್ಲವನ್ನೂ ಕೇಳಿ ಪಡೆಯುತ್ತಾರೆ. ಕಾರಿನೊಳಗಿನ ಸಿಮ್ ಬಗ್ಗೆ ಮಾತ್ರ ಕೇಳುವುದಿಲ್ಲ. 2019ರಿಂದೀಚಿನ ಅನೇಕ ಕಾರುಗಳ ಟಾಪ್ ಮಾಡೆಲ್‌ಗಳಲ್ಲಿ ಇ-ಸಿಮ್ (ಕಾರಿನಲ್ಲೇ ಕೂರಿಸಿದ ಸಿಮ್) ಇದೆ. ಕಾರು ಎಲ್ಲಿದೆ, ಎಷ್ಟು ವೇಗದಲ್ಲಿ ಓಡಿತು, ಬಾಗಿಲು ಲಾಕ್ ಆಗಿದೆಯೇ ಎಂಬುದೆಲ್ಲ ಅದರ ಮೂಲಕ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ಮಾಲೀಕರ ಮೊಬೈಲಿಗೆ ಬರುತ್ತದೆ. ಇಲ್ಲಿ ಮಾಲೀಕರೆಂದರೆ ಆರ್‌ಟಿಒ ದಾಖಲೆಯವರಲ್ಲ, ಕಾರು ಕಂಪನಿಯ ಆ್ಯಪ್‌ನಲ್ಲಿ ನೋಂದಾಯಿಸಿಕೊಂಡವರು. ಕೆಎ-17 ಆರ್‌ಸಿ ನಿಮ್ಮ ಹೆಸರಿಗೆ ಬಂದರೂ, ನಿಮ್ಮ ಕಾರು ಹರಿಹರದಲ್ಲಿದೆಯೋ ಹೊಳಲ್ಕೆರೆಯಲ್ಲಿದೆಯೋ ಎಂದು ಹಳೆಯ ಮಾಲೀಕರು ಮನೆಯಲ್ಲೇ ಕೂತು ನೋಡಬಹುದು. ಕೆಲವು ಮಾಡೆಲ್‌ಗಳಲ್ಲಿ ಬಾಗಿಲನ್ನೂ ತೆಗೆಯಬಹುದು.

ಮಾರುವವರು ಮೊಬೈಲಿನಿಂದ ಆ್ಯಪ್ ಅಳಿಸಿ ಮುಗಿಯಿತು ಅಂದುಕೊಳ್ಳುತ್ತಾರೆ. ಖಾತೆ ಸರ್ವರ್‌ನಲ್ಲಿ ಹಾಗೇ ಇರುತ್ತದೆ. ಬರೀ ಸ್ಕ್ರೀನ್ ರಿಸೆಟ್ ಮಾಡಿದರೂ ಎಲ್ಲ ಕಾರುಗಳಲ್ಲಿ ಈ ನಂಟು ಕಡಿಯುವುದಿಲ್ಲ. ಮೊದಲು ಆ್ಯಪ್ ತೆರೆದು ಖಾತೆಯಿಂದ ಆ ವಾಹನವನ್ನೇ ತೆಗೆಯಬೇಕು. ಮನೆಯವರಿಗೆ ಷೇರ್ ಮಾಡಿದ್ದರೆ ಅದನ್ನೂ. ಸ್ಕ್ರೀನಿನ ಫ್ಯಾಕ್ಟರಿ ರಿಸೆಟ್ ಆಮೇಲೆ. ಕೊಳ್ಳುವವರು ಪೂರ್ತಿ ಹಣ ಕೊಡುವ ಮೊದಲೇ ಇದನ್ನು ಕಣ್ಣೆದುರು ಮಾಡಿಸಿಕೊಳ್ಳಬೇಕು. ಮಾರಿದವರು ಕೈಗೆ ಸಿಗದಿದ್ದರೆ ಆರ್‌ಸಿ ಪ್ರತಿ ಹಿಡಿದು ಕಸ್ಟಮರ್ ಕೇರ್ ಬೆನ್ನು ಹತ್ತುವ ಕೆಲಸ ಉಳಿಯುತ್ತದೆ.

ರಿಸೆಟ್ ಮಾಡದೆ ಬಿಟ್ಟರೆ ಕಾರಿನಲ್ಲಿ ಏನು ಉಳಿಯುತ್ತದೆ ನೋಡಿ. ಹಿಂದೆ ಜೋಡಿಸಿದ ಫೋನುಗಳ ಹೆಸರು, ಕೆಲವು ಸ್ಕ್ರೀನ್‌ಗಳಲ್ಲಿ ‘ಅಮ್ಮ’, ‘ಹಾಲಿನವರು’, ‘ಚೀಟಿ ಮೇಡಂ’ ಸಮೇತ ಇಡೀ ಫೋನ್‌ಬುಕ್. ಮ್ಯಾಪ್‌ನಲ್ಲಿ ‘ಹೋಮ್’ ಒತ್ತಿದರೆ ಹಳೆಯ ಮಾಲೀಕರ ಮನೆ ಬಾಗಿಲಿಗೇ ದಾರಿ ತೋರಿಸುತ್ತದೆ. ಬಾಡಿಗೆ ಕಾರಿಗೆ ಬ್ಲೂಟೂತ್ ಜೋಡಿಸುವಾಗಲೂ ಕಾಂಟ್ಯಾಕ್ಟ್ ಮತ್ತು ಕಾಲ್ ಹಿಸ್ಟರಿಯ ಟಿಕ್ ತೆಗೆದುಬಿಡಿ. ಹಾಡು ಕೇಳಲು ಅದು ಬೇಕಿಲ್ಲ.

ಫಾಸ್ಟ್ಯಾಗ್ ಕಥೆಯೂ ಇದೇ. ಅದರ ಖಾತೆ ಮುಚ್ಚಿಸದೆ ಗಾಜಿನ ಮೇಲೇ ಬಿಟ್ಟುಕೊಟ್ಟರೆ, ಹೆದ್ದಾರಿ 48ರಲ್ಲಿ ಕಾರು ಯಾವ ಟೋಲ್ ಎಷ್ಟು ಹೊತ್ತಿಗೆ ದಾಟಿತೆಂಬ ಮೆಸೇಜ್ ಹಳೆಯ ಮಾಲೀಕರಿಗೆ ಹೋಗುತ್ತದೆ. ದುಡ್ಡೂ ಅವರದೇ!

ಕಂಪನಿಯ ಬಳಿ ಇದ್ದರೆ ಭದ್ರ ಎನ್ನುವಂತೆಯೂ ಇಲ್ಲ. ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಕಾವಲಿಲ್ಲದೆ ಕ್ಲೌಡ್‌ನಲ್ಲಿ ಬಿದ್ದಿದ್ದು 2024ರ ಡಿಸೆಂಬರ್‌ನಲ್ಲಿ ಬಯಲಾಯಿತು. ನಮ್ಮಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಮಾಹಿತಿ ಬಳಸಲು ನಮ್ಮ ಒಪ್ಪಿಗೆ ಪಡೆಯುವುದಕ್ಕೆ ಸಂಬಂಧಿಸಿದ ಮುಖ್ಯ ಅಂಶಗಳಿಗೆ ಅಲ್ಲಿಂದ 18 ತಿಂಗಳ ಗಡುವು.

ಊರಿನ ಹಳೆ ಕಾರು ಡೀಲರ್‌ಗಳು ಅಷ್ಟು ದಿನ ಕಾಯಬೇಕಿಲ್ಲ. ದಿನಾಂಕ, ಸಮಯ ಬರೆದು ಇಬ್ಬರ ಸಹಿ ಪಡೆಯುವ ಡೆಲಿವರಿ ನೋಟ್‌ನಲ್ಲೇ ‘ಆ್ಯಪ್‌ನಿಂದ ವಾಹನ ತೆಗೆದಿದೆ, ಸ್ಕ್ರೀನ್ ರಿಸೆಟ್ ಆಗಿದೆ, ಫಾಸ್ಟ್ಯಾಗ್ ಮುಚ್ಚಿದೆ’ ಎಂಬ ಒಂದು ಸಾಲು ಸೇರಿಸಲಿ.

– ಒಬ್ಬ ಆಟೊ ಎಲೆಕ್ಟ್ರಿಷಿಯನ್, ದಾವಣಗೆರೆ